ಒಡೆಸಾ ಕಳೆದುಕೊಂಡ ಮಕ್ಕಳು

ಕಪ್ಪು ಸಮುದ್ರದ ದಂಡೆಯಲ್ಲಿರುವ ಒಡೆಸಾ ಬಂದರಿಗಾಗಿಯೇ ಬೆಳೆದ ನಗರ. ಹಾಜಿಬೇ ಎಂಬ ಹಳೆಯ ನೆಲೆಯ ಜಾಗದಲ್ಲಿ 1794ರಲ್ಲಿ ರಷ್ಯಾದ ರಾಣಿ ಕ್ಯಾಥರೀನ್ ಅದನ್ನು ಕಟ್ಟಿಸಲು ಅಪ್ಪಣೆ ಕೊಟ್ಟಳು. ಉಕ್ರೇನಿನ ಬಯಲುಗಳ ಗೋಧಿ ಎತ್ತಿನ ಗಾಡಿಗಳಲ್ಲಿ ಅಲ್ಲಿಗೆ ಬಂದು, ಹಡಗೇರಿ ಯುರೋಪಿನ ಮಾರುಕಟ್ಟೆಗಳಿಗೆ ಹೋಗುತ್ತಿತ್ತು. ಹಿಂದಿರುಗುವ ಹಡಗುಗಳು ಸರಕಿನ ಜೊತೆಗೆ ರೋಗಗಳನ್ನೂ ಹೊತ್ತು ತರುತ್ತಿದ್ದವು. ಊರು ಹುಟ್ಟಿ ಇಪ್ಪತ್ತು ವರ್ಷ ತುಂಬುವ ಮೊದಲೇ, 1812ರಲ್ಲಿ, ಪ್ಲೇಗು ಅಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1897ರ ಜನಗಣತಿಯ ಹೊತ್ತಿಗೆ ಒಡೆಸಾದಲ್ಲಿ ಸುಮಾರು 4 ಲಕ್ಷ ಜನರಿದ್ದರು, ಅವರಲ್ಲಿ ಮೂರರಲ್ಲಿ ಒಬ್ಬರು ಯಹೂದಿಗಳು. ಉಕ್ರೇನಿಯನ್ನರು, ರಷ್ಯನ್ನರು, ಗ್ರೀಕರು, ಪೋಲರು, ಇಟಾಲಿಯನ್ನರು ಒಂದೇ ಬೀದಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಈ ಊರಿನಲ್ಲಿ 1865ರಲ್ಲಿ ಒಂದು ವಿಶ್ವವಿದ್ಯಾಲಯ ಶುರುವಾಯಿತು. ಮುಂದಿನ ಅರ್ಧ ಶತಮಾನದಲ್ಲಿ ಅಲ್ಲಿ ಕಲಿತವರು, ಕಲಿಸಿದವರು ಪ್ಯಾರಿಸ್, ಮುಂಬೈ, ಮಂಚೂರಿಯಾಗಳಲ್ಲಿ ಮನುಷ್ಯರ ಆಯುಷ್ಯವನ್ನೇ ಬದಲಿಸಿದರು. ಅವರಲ್ಲಿ ಒಬ್ಬರ ಕೆಲಸ ನಮ್ಮ ಹುಬ್ಬಳ್ಳಿಯವರೆಗೂ ಬಂತು.

ಜಗತ್ತಿನಲ್ಲಿ ಹೆಸರು ಮಾಡಿದ ಉಕ್ರೇನ್ ಮೂಲದವರನ್ನು ಎಣಿಸಲು ಕೂತರೆ ಪಟ್ಟಿ ಬೇಗ ಮುಗಿಯುವುದಿಲ್ಲ. ಹೆಲಿಕಾಪ್ಟರನ್ನು ಬಳಕೆಗೆ ತಂದ ಇಗೊರ್ ಸಿಕೋರ್ಸ್ಕಿ ಹುಟ್ಟಿದ್ದು ಕೀವ್‌ನಲ್ಲಿ. ಮೊದಲ ಸ್ಪುಟ್ನಿಕ್ಕನ್ನು ಆಕಾಶಕ್ಕೇರಿಸಿದ ಸೆರ್ಗೆಯ್ ಕೊರೊಲ್ಯೊವ್ ಝಿತೋಮಿರ್‌ನವರು. ಚಿತ್ರಕಾರ ಕಾಜಿಮಿರ್ ಮಾಲೆವಿಚ್, ಇಸ್ರೇಲಿನ ಪ್ರಧಾನಿಯಾದ ಗೋಲ್ಡಾ ಮೇಯಿರ್ ಇಬ್ಬರೂ ಕೀವ್‌ನಲ್ಲಿ ಹುಟ್ಟಿದವರೇ. ಇಂಥ ಪಟ್ಟಿಗಳು ಹೆಮ್ಮೆ ತರುತ್ತವೆ, ಆದರೆ ಒಂದು ಮುಖ್ಯ ಸಂಗತಿಯನ್ನು ಮರೆಸುತ್ತವೆ: ಇವರಲ್ಲಿ ಬಹುಪಾಲು ಮಂದಿ ಹೆಸರು ಮಾಡಿದ್ದು ಹುಟ್ಟಿದ ನೆಲ ಬಿಟ್ಟ ಮೇಲೆ. ಹಾಗಿದ್ದರೆ ಮೂಲದ ಪಾಲೆಷ್ಟು? ನನ್ನ ಅಭಿಪ್ರಾಯದಲ್ಲಿ, ಆ ನೆಲ ಅವರಿಗೆ ಏನು ಕೊಟ್ಟಿತು, ಏನನ್ನು ಕೊಡಲು ನಿರಾಕರಿಸಿತು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಹೇಳದೆ ಮೂಲದ ಮಾತಾಡುವುದರಲ್ಲಿ ಹುರುಳಿಲ್ಲ. ಈ ಎರಡನ್ನೂ ದಾಖಲೆಗಳ ಆಧಾರದಲ್ಲಿ ಸ್ಪಷ್ಟವಾಗಿ ತೋರಿಸಬಲ್ಲ ಕಥೆ ಒಡೆಸಾದ ಸೂಕ್ಷ್ಮಜೀವಿ ವಿಜ್ಞಾನಿಗಳದು. ಪ್ರತಿಭೆಯನ್ನು ಬೆಳೆಸಿದ್ದು ಒಂದು ಸಂಸ್ಥೆ, ಅದನ್ನು ಹೊರಗಟ್ಟಿದ್ದು ಒಂದು ಪ್ರಭುತ್ವ. ಎರಡೂ ಒಂದೇ ಊರಿನಲ್ಲಿ, ಒಂದೇ ದಶಕದಲ್ಲಿ ನಡೆದವು.

ಕಥೆ ಶುರುವಾಗುವುದು ಇಲ್ಯಾ ಮೆಚ್ನಿಕೋವ್ ಅವರಿಂದ. 1845ರಲ್ಲಿ ಖಾರ್ಕಿವ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಹುಟ್ಟಿದ ಅವರು ಖಾರ್ಕಿವ್ ವಿಶ್ವವಿದ್ಯಾಲಯದಲ್ಲಿ ಓದಿ, ಇನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿರುವಾಗಲೇ ಒಡೆಸಾದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಸಮುದ್ರದ ಸಣ್ಣಪುಟ್ಟ ಜೀವಿಗಳ ಬೆಳವಣಿಗೆ ಅವರ ವಿಷಯ. 1881ರಲ್ಲಿ ರಷ್ಯಾದ ದೊರೆ ಎರಡನೇ ಅಲೆಕ್ಸಾಂಡರನ ಕೊಲೆಯಾದ ಮೇಲೆ ಪ್ರಭುತ್ವದ ಹಿಡಿತ ವಿಶ್ವವಿದ್ಯಾಲಯಗಳ ಕತ್ತನ್ನು ಬಿಗಿಯತೊಡಗಿತು. ಅದನ್ನು ಸಹಿಸದೆ ಮೆಚ್ನಿಕೋವ್ 1882ರಲ್ಲಿ ಹುದ್ದೆಗೆ ರಾಜೀನಾಮೆ ಕೊಟ್ಟು ಇಟಲಿಯ ಮೆಸಿನಾಗೆ ಹೋದರು. ಅಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅಲೆದಾಡುವ ಜೀವಕೋಶಗಳು ಮುಳ್ಳಿನ ಸುತ್ತ ಮುತ್ತಿಕೊಂಡಿರುವುದು ಕಾಣಿಸಿತು. ಹೊರಗಿನಿಂದ ನುಗ್ಗಿದ್ದನ್ನು ನುಂಗಿ ಕರಗಿಸುವ ಕೋಶಗಳು ದೇಹದಲ್ಲೇ ಇವೆ, ರೋಗದೊಡನೆ ಹೋರಾಡುವುದು ಅವೇ ಎಂಬ ಅವರ ಸಿದ್ಧಾಂತ ಹುಟ್ಟಿದ್ದು ಆಗ. ಜರ್ಮನಿಯ ವಿದ್ವಾಂಸರು ಅದನ್ನು ಬಲವಾಗಿ ವಿರೋಧಿಸಿದರು. ರಕ್ತದ ದ್ರವಾಂಶವೇ ಮುಖ್ಯ ಎಂಬುದು ಅವರ ವಾದ. ವಾಗ್ವಾದ ಎರಡು ದಶಕಗಳಿಗೂ ಮೀರಿ ನಡೆಯಿತು. ಎರಡೂ ಪಕ್ಷಗಳಲ್ಲಿ ಸತ್ಯವಿದೆ ಎಂಬುದಕ್ಕೆ ಮುದ್ರೆ ಒತ್ತಿದಂತೆ 1908ರ ನೊಬೆಲ್ ಬಹುಮಾನವನ್ನು ಮೆಚ್ನಿಕೋವ್ ಮತ್ತು ಪಾಲ್ ಎರ್ಲಿಶ್ ಇಬ್ಬರಿಗೂ ಹಂಚಲಾಯಿತು.

ಮೆಚ್ನಿಕೋವ್ ಅವರ ಒಡೆಸಾ ವರ್ಷಗಳ ಶಿಷ್ಯರಲ್ಲಿ ವಾಲ್ಡೆಮಾರ್ ಹಾಫ್ಕಿನ್ ಒಬ್ಬರು. 1860ರಲ್ಲಿ ಒಡೆಸಾದ ಯಹೂದಿ ಕುಟುಂಬದಲ್ಲಿ ಹುಟ್ಟಿ, ಅಜೋವ್ ಸಮುದ್ರದ ದಂಡೆಯ ಬೆರ್ದ್ಯಾನ್ಸ್ಕ್‌ನಲ್ಲಿ ಬೆಳೆದು, 1879ರಲ್ಲಿ ವಿಶ್ವವಿದ್ಯಾಲಯ ಸೇರಿದರು. ದೊರೆಯ ಕೊಲೆಯ ನೆಪದಲ್ಲಿ 1881ರಲ್ಲಿ ಉಕ್ರೇನಿನ ಊರುಗಳಲ್ಲಿ ಯಹೂದಿಗಳ ಮೇಲೆ ದೊಂಬಿಗಳು ನಡೆದವು. ಒಡೆಸಾದಲ್ಲಿ ಯಹೂದಿಗಳು ಕಟ್ಟಿಕೊಂಡ ಆತ್ಮರಕ್ಷಣಾ ಪಡೆಯಲ್ಲಿ ಹಾಫ್ಕಿನ್ ಇದ್ದರು. ಒಂದು ಮನೆಯನ್ನು ಕಾಯುವಾಗ ಗಾಯಗೊಂಡು ಸೆರೆಸಿಕ್ಕಿದ ಅವರನ್ನು ಬಿಡಿಸಿದ್ದು ಮೆಚ್ನಿಕೋವ್ ಅವರ ಮಧ್ಯಸ್ಥಿಕೆ. ಓದು ಮುಗಿದ ಮೇಲೆ ಪ್ರಾಧ್ಯಾಪಕ ವೃತ್ತಿಗೆ ದಾರಿಯೊಂದೇ ಇತ್ತು, ಆರ್ಥೊಡಾಕ್ಸ್ ಕ್ರೈಸ್ತ ಮತಕ್ಕೆ ಸೇರುವುದು. ಹಾಫ್ಕಿನ್ ಒಪ್ಪಲಿಲ್ಲ. ಪ್ರಾಣಿಶಾಸ್ತ್ರದ ವಸ್ತುಸಂಗ್ರಹಾಲಯದಲ್ಲಿ ಸಣ್ಣ ಕೆಲಸ ಮಾಡಿಕೊಂಡು 1888ರವರೆಗೆ ಉಳಿದರು. ಇದು ಒಬ್ಬರ ಹಣೆಬರಹವಾಗಿರಲಿಲ್ಲ. 1887ರಲ್ಲಿ ಸರ್ಕಾರ ಯಹೂದಿ ವಿದ್ಯಾರ್ಥಿಗಳ ಪ್ರಮಾಣಕ್ಕೇ ಮಿತಿ ಹಾಕಿತು. ಯಹೂದಿಗಳಿಗೆ ವಾಸಕ್ಕೆ ಅನುಮತಿಯಿದ್ದ ಪ್ರಾಂತ್ಯಗಳಲ್ಲಿ ಶೇ 10, ಅದರಾಚೆ ಶೇ 5, ರಾಜಧಾನಿಗಳಲ್ಲಿ ಶೇ 3. ಊರಿನ ಮೂರನೆಯ ಒಂದು ಭಾಗ ಯಹೂದಿಗಳಿದ್ದ ಒಡೆಸಾದಲ್ಲಿ ಈ ಕಟ್ಟಳೆಯ ಹೊಡೆತ ಎಷ್ಟು ಮನೆಗಳಿಗೆ ತಾಗಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಇದೇ ಹೊತ್ತಿನಲ್ಲಿ ಒಡೆಸಾ ಜಗತ್ತಿನ ವಿಜ್ಞಾನಕ್ಕೆ ದೊಡ್ಡ ಕೊಡುಗೆಯನ್ನೂ ಕೊಟ್ಟಿತು. 1885ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಹಾಕಿದ ಸುದ್ದಿ ಹರಡಿದಾಗ, ಒಡೆಸಾದ ವೈದ್ಯರು ತಮ್ಮ ಊರಿನವರೇ ಆದ ನಿಕೊಲಾಯ್ ಗಮಲೇಯ ಎಂಬ ಯುವ ವೈದ್ಯನನ್ನು ಆ ವಿದ್ಯೆ ಕಲಿಯಲು ಕಳಿಸಿದರು. ಗಮಲೇಯ ಹಿಂದಿರುಗುತ್ತಲೇ 1886ರಲ್ಲಿ ಒಡೆಸಾದಲ್ಲಿ ಸೂಕ್ಷ್ಮಜೀವಿ ಕೇಂದ್ರವೊಂದು ಬಾಗಿಲು ತೆರೆಯಿತು. ಮೆಚ್ನಿಕೋವ್ ಅದರ ಮುಖ್ಯಸ್ಥರಾದರು. ಪ್ಯಾರಿಸ್ ಬಿಟ್ಟರೆ ಹುಚ್ಚುನಾಯಿ ಲಸಿಕೆ ಸಿಗುತ್ತಿದ್ದ ಮೊದಲ ತಾಣ ಅದು. ಆದರೆ ಸ್ಥಳೀಯ ವೈದ್ಯರ ಅಸಹನೆ, ಅಧಿಕಾರಿಗಳ ಕಿರುಕುಳ ಅಲ್ಲಿ ನೆಮ್ಮದಿಯಾಗಿ ಕೆಲಸ ಮಾಡಲು ಬಿಡಲಿಲ್ಲ. ಕುರಿಗಳ ನೆರಡಿ ರೋಗಕ್ಕೆ ಕೇಂದ್ರದಿಂದ ಹೋದ ಲಸಿಕೆ ಸಾವಿರಾರು ಕುರಿಗಳನ್ನೇ ಕೊಂದಾಗ ವಿರೋಧಿಗಳ ಕೈಗೆ ಅಸ್ತ್ರ ಸಿಕ್ಕಿತು. 1888ರಲ್ಲಿ ಮೆಚ್ನಿಕೋವ್ ಉಕ್ರೇನ್ ಬಿಟ್ಟರು. ಪಾಶ್ಚರ್ ತಮ್ಮ ಹೊಸ ಸಂಸ್ಥೆಯಲ್ಲಿ ಅವರಿಗೆ ಪ್ರಯೋಗಾಲಯ ಕೊಟ್ಟರು, 1916ರಲ್ಲಿ ಸಾಯುವವರೆಗೂ ಅವರು ಅಲ್ಲೇ ಉಳಿದರು. ಗುರುವಿನ ಹಿಂದೆಯೇ ಹಾಫ್ಕಿನ್ ಜಿನೀವಾ ದಾರಿಯಾಗಿ ಪ್ಯಾರಿಸ್ ತಲುಪಿದರು. ಅಲ್ಲಿ ಖಾಲಿಯಿದ್ದುದು ಗ್ರಂಥಾಲಯದ ಸಹಾಯಕನ ಹುದ್ದೆ. ಹಾಫ್ಕಿನ್ ಅದನ್ನೇ ಒಪ್ಪಿಕೊಂಡು, ಬಿಡುವಿನಲ್ಲಿ ಪ್ರಯೋಗ ಮಾಡತೊಡಗಿದರು.

ಆಗ ಏಷ್ಯಾ, ಯುರೋಪುಗಳನ್ನು ಕಾಲರಾ ಬಾಧಿಸುತ್ತಿತ್ತು. ಸೂಕ್ಷ್ಮಜೀವಿಯನ್ನು ಗಿನಿಯಿಲಿಗಳ ಉದರದಲ್ಲಿ ಒಂದರಿಂದೊಂದಕ್ಕೆ ದಾಟಿಸಿ ಅದರ ತೀವ್ರತೆ ಹೆಚ್ಚಿಸುವುದು, ಇನ್ನೊಂದು ಕಡೆ ಬಿಸಿಯಲ್ಲಿ ಗಾಳಿಯಾಡಿಸಿ ಬೆಳೆಸಿ ಅದನ್ನು ದುರ್ಬಲಗೊಳಿಸುವುದು, ಮೊದಲು ದುರ್ಬಲ ರೂಪವನ್ನೂ ಕೆಲವು ದಿನ ಬಿಟ್ಟು ತೀವ್ರ ರೂಪವನ್ನೂ ಚುಚ್ಚುವುದು: ಇದು ಹಾಫ್ಕಿನ್ ಕಂಡುಕೊಂಡ ವಿಧಾನ. 1892ರ ಜುಲೈ 18ರಂದು ಮೊದಲ ಚುಚ್ಚುಮದ್ದನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂತು, ಹೋಯಿತು. ಲಸಿಕೆ ನಿರಪಾಯಕಾರಿ ಎಂದು ಗೊತ್ತಾಯಿತು, ಆದರೆ ಅದು ರೋಗ ತಡೆಯುತ್ತದೆಯೇ ಎಂದು ತಿಳಿಯಲು ಕಾಲರಾ ನಿತ್ಯವಾಗಿರುವ ನೆಲವೇ ಬೇಕಿತ್ತು. ಹಿಂದೆ ಭಾರತದ ವೈಸರಾಯ್ ಆಗಿದ್ದು, ಆಗ ಪ್ಯಾರಿಸ್‌ನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಅವರ ನೆರವಿನಿಂದ 1893ರ ಮಾರ್ಚ್‌ನಲ್ಲಿ ಹಾಫ್ಕಿನ್ ಕಲ್ಕತ್ತೆಗೆ ಬಂದಿಳಿದರು. ಝಾರ್ ಸಾಮ್ರಾಜ್ಯದಿಂದ ಬಂದವರೆಂದು ಬ್ರಿಟಿಷ್ ಅಧಿಕಾರಿಗಳಲ್ಲಿ ಕೆಲವರು ಅವರನ್ನು ಗೂಢಚಾರನಿರಬಹುದೆಂದು ಶಂಕಿಸಿದರು. ವೈದ್ಯಕೀಯ ಪದವಿ ಇಲ್ಲದವರೆಂದು ಸೇನಾ ವೈದ್ಯರು ಅಸಡ್ಡೆ ಮಾಡಿದರು. ಹುಟ್ಟಿದ ದೇಶ ಯಹೂದಿಯೆಂದು ದೂರವಿಟ್ಟವರನ್ನು ಬಂದ ದೇಶ ರಷ್ಯನ್ ಎಂದು ದೂರವಿಟ್ಟಿತು.

ಹಾಫ್ಕಿನ್ ಅವರ ಹಿರಿಮೆ ಲಸಿಕೆಯಷ್ಟೇ ಅವರ ಪುರಾವೆಯ ಶಿಸ್ತಿನಲ್ಲೂ ಇದೆ. ಇದನ್ನು ಅವರ ಜೀವನಚರಿತ್ರೆಗಳು ಸಾಕಷ್ಟು ಒತ್ತಿ ಹೇಳಿಲ್ಲ. ಲಸಿಕೆ ಹಾಕಿಸಿಕೊಂಡವರು ಬದುಕಿದರೆಂದರೆ ಸಾಲದು, ಅದೇ ಮನೆಯ, ಅದೇ ನೀರು ಕುಡಿಯುವ, ಲಸಿಕೆ ಪಡೆಯದವರ ಗತಿ ಏನಾಯಿತೆಂದೂ ಎಣಿಸಬೇಕು ಎಂಬುದು ಅವರ ನಿಲುವು. 1894ರಲ್ಲಿ ಕಲ್ಕತ್ತೆಯ ಕಾಟಲ್ ಬಾಗಾನ್ ಎಂಬ ಬಡವರ ಕೇರಿಯಲ್ಲಿ, ಒಂದೆರಡು ಕೆರೆಗಳ ಸುತ್ತ ವಾಸಿಸುತ್ತಿದ್ದ ಸುಮಾರು 200 ಜನರಲ್ಲಿ 116 ಮಂದಿ ಚುಚ್ಚುಮದ್ದು ಹಾಕಿಸಿಕೊಂಡರು. ಆಮೇಲೆ ಅಲ್ಲಿ 10 ಮಂದಿಗೆ ಕಾಲರಾ ಬಂತು, 7 ಮಂದಿ ಸತ್ತರು. ಹತ್ತೂ ಜನ ಲಸಿಕೆ ಪಡೆಯದವರು. ಎರಡೂವರೆ ವರ್ಷಗಳಲ್ಲಿ ಆಗ್ರಾದಿಂದ ಅಸ್ಸಾಮಿನ ಚಹಾ ತೋಟಗಳವರೆಗೆ ತಿರುಗಿ ಅವರು 40 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಮಲೇರಿಯಾ ಹಿಡಿದು ಬಳಲಿ 1895ರಲ್ಲಿ ಯುರೋಪಿಗೆ ಹೋಗಿ, ಮರುವರ್ಷ ಮತ್ತೆ ಭಾರತಕ್ಕೆ ಬಂದರು.

ಅವರು ಬಂದ ವರ್ಷವೇ, 1896ರ ಸೆಪ್ಟೆಂಬರ್‌ನಲ್ಲಿ, ಮುಂಬೈಯ ಮಾಂಡ್ವಿ ಬಡಾವಣೆಯಲ್ಲಿ ವೈದ್ಯ ಅಕಾಸಿಯೊ ವಿಯೇಗಸ್ ಪ್ಲೇಗನ್ನು ಪತ್ತೆ ಹಚ್ಚಿದರು. ರೋಗದ ಸೂಕ್ಷ್ಮಜೀವಿಯನ್ನು ವಿಜ್ಞಾನಿ ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿ ಎರಡೇ ವರ್ಷವಾಗಿತ್ತು, ತಡೆಯುವ ಮದ್ದು ಯಾರ ಬಳಿಯೂ ಇರಲಿಲ್ಲ. ಅಕ್ಟೋಬರ್‌ನಲ್ಲಿ ಹಾಫ್ಕಿನ್ ಅವರನ್ನು ಮುಂಬೈಗೆ ಕರೆಸಿದರು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆ, ಒಂದು ಓಣಿ, ಒಬ್ಬ ಗುಮಾಸ್ತ, ಮೂವರು ಜವಾನರು, ಇಷ್ಟೇ ಅವರಿಗೆ ಸಿಕ್ಕ ಪ್ರಯೋಗಾಲಯ. ಫ್ಲಾಸ್ಕಿನಲ್ಲಿ ಮಾಂಸದ ಸಾರು ತುಂಬಿ, ಅದರ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡುತ್ತಿದ್ದರು. ತುಪ್ಪದ ಅಡಿಯನ್ನು ಹಿಡಿದು ಪ್ಲೇಗಿನ ಸೂಕ್ಷ್ಮಜೀವಿಗಳು ಆಲದ ಬಿಳಲುಗಳಂತೆ ಕೆಳಕ್ಕಿಳಿಯುತ್ತಿದ್ದವು. ಕೆಲವು ದಿನಕ್ಕೊಮ್ಮೆ ಫ್ಲಾಸ್ಕನ್ನು ಅಲುಗಿಸಿದರೆ ಅವು ಕಳಚಿ ತಳ ಸೇರುತ್ತಿದ್ದವು, ಮೇಲೆ ಹೊಸ ಬೆಳೆ ಶುರುವಾಗುತ್ತಿತ್ತು. ಹೀಗೆ ವಾರಗಟ್ಟಲೆ ಬೆಳೆಸಿದ್ದನ್ನು 65ರಿಂದ 70 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಕಾಯಿಸಿ ಕೊಂದು, ಕೆಡದಂತೆ ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಲಸಿಕೆ ಸಿದ್ಧ. ಮೂರು ತಿಂಗಳ ದುಡಿಮೆಯ ಕೊನೆಯಲ್ಲಿ, 1897ರ ಜನವರಿ 10ರಂದು, ಹಾಫ್ಕಿನ್ ಅದನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು.

ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗು ಕಾಣಿಸಿತು. ಸುಮಾರು ಅರ್ಧದಷ್ಟು ಕೈದಿಗಳು ಚುಚ್ಚುಮದ್ದಿಗೆ ಮುಂದೆ ಬಂದರು. ಪರಿಣಾಮ ಎಣಿಸಿದಾಗ, ಲಸಿಕೆ ಪಡೆಯದವರಲ್ಲಿ 12 ಮಂದಿಗೆ ರೋಗ ತಗುಲಿ 6 ಮಂದಿ ಸತ್ತಿದ್ದರು. ಪಡೆದವರಲ್ಲಿ ಇಬ್ಬರಿಗೆ ರೋಗ ಬಂದು ಇಬ್ಬರೂ ಬದುಕಿದ್ದರು. 1898ರ ಫೆಬ್ರುವರಿಯಲ್ಲಿ ಬರೋಡಾ ಬಳಿಯ ಉಂಧೇರಾ ಹಳ್ಳಿಯಲ್ಲಿ ಪ್ರತಿ ಮನೆಯ ಅರ್ಧ ಜನರಿಗೆ ಮಾತ್ರ ಲಸಿಕೆ ಹಾಕಿ ನಡೆಸಿದ ಪರೀಕ್ಷೆ ಇನ್ನೂ ಬಿಗಿಯಾದದ್ದು. ಪ್ಲೇಗು ಹೊಕ್ಕ 28 ಮನೆಗಳಲ್ಲಿ ಲಸಿಕೆ ಪಡೆದ 71 ಜನರಲ್ಲಿ 3 ಸಾವು, ಪಡೆಯದ 64 ಜನರಲ್ಲಿ 26 ಸಾವು. ಒಂದೇ ಸೂರಿನಡಿ, ಒಂದೇ ಒಲೆಯ ಅನ್ನ ಉಂಡವರ ನಡುವಿನ ಈ ಅಂತರಕ್ಕೆ ಬೇರೆ ಕಾರಣ ಹುಡುಕುವುದು ಕಷ್ಟ. ಇಸ್ಮಾಯಿಲಿ ಖೋಜಾಗಳ ಧರ್ಮಗುರು ಆಗಾ ಖಾನ್ ಸ್ವತಃ ಚುಚ್ಚಿಸಿಕೊಂಡು ತಮ್ಮ ಅನುಯಾಯಿಗಳ ಅಂಜಿಕೆ ಬಿಡಿಸಿದರು, ಪ್ರಯೋಗಾಲಯಕ್ಕೆ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು. 1899ರಲ್ಲಿ ಪರೇಲಿನ ಹಳೆಯ ಸರ್ಕಾರಿ ಭವನದಲ್ಲಿ ಪ್ಲೇಗು ಸಂಶೋಧನಾಲಯ ನೆಲೆಗೊಂಡಿತು.

ರೈಲಿನ ದಾರಿ ಹಿಡಿದು ಪ್ಲೇಗು ದಕ್ಷಿಣಕ್ಕೆ ಇಳಿಯಿತು. ದಕ್ಷಿಣ ಮರಾಠಾ ರೈಲ್ವೆಯ ಕಾರ್ಯಾಗಾರವಿದ್ದ ಹುಬ್ಬಳ್ಳಿಯಲ್ಲಿ 1898ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮುಂದಾಳತ್ವದಲ್ಲಿ 30 ಸಾವಿರಕ್ಕೂ ಹೆಚ್ಚು ಜನರಿಗೆ ಹಾಫ್ಕಿನ್ ಲಸಿಕೆ ಹಾಕಲಾಯಿತು. ಒಂದೇ ಊರಿನ ಬಹುಪಾಲು ಜನರಿಗೆ ಇಷ್ಟು ಬೇಗ ಈ ಲಸಿಕೆ ಹಾಕಿದ ಇನ್ನೊಂದು ಉದಾಹರಣೆ ಆ ಹೊತ್ತಿಗೆ ಸಿಗುವುದು ದುರ್ಲಭ. ಲ್ಯೂಮನ್ ವಾರವಾರವೂ ಲಸಿಕೆ ಪಡೆದವರ, ಪಡೆಯದವರ ಸಾವುಗಳನ್ನು ಬೇರೆಬೇರೆ ಬರೆದಿಟ್ಟರು. ಆ ಲೆಕ್ಕ ಸರ್ಕಾರ ನೇಮಿಸಿದ ಪ್ಲೇಗು ಆಯೋಗದ ಮುಂದೆ ಬಂತು. ಆಯೋಗ ಅಂಕಿಗಳ ಕೆಲವು ಕುಂದುಗಳನ್ನು ಎತ್ತಿ ತೋರಿಸಿದರೂ, ಲಸಿಕೆ ರೋಗವನ್ನೂ ಸಾವನ್ನೂ ಗಣನೀಯವಾಗಿ ತಗ್ಗಿಸುತ್ತದೆಂದು ಒಪ್ಪಿತು. ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರು ಮುಟ್ಟಿತು. ಜನ ಮನೆಗೆ ಬೀಗ ಹಾಕಿ, ಊರಾಚೆಯ ಹೊಲಗಳಲ್ಲಿ ಗುಡಿಸಲು ಹೂಡಿದರು. ಪೇಟೆಯ ಇಕ್ಕಟ್ಟನ್ನು ಒಡೆಯಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತಲೆಯೆತ್ತಿದವು. ‘ಪ್ಲೇಗಮ್ಮ’ನಿಗೆ ಗುಡಿಗಳಾದವು. ದಶಕಗಳಾಚೆ ಅನಂತಮೂರ್ತಿಯವರ ‘ಸಂಸ್ಕಾರ’ದ ನಾರಣಪ್ಪ ಸಾಯುವುದೂ ಶಿವಮೊಗ್ಗೆಯಿಂದ ಹೊತ್ತು ತಂದ ಪ್ಲೇಗಿನಿಂದಲೇ. ಕನ್ನಡ ನಾಡಿನ ನೆನಪಿನಲ್ಲಿ ಇಷ್ಟು ಆಳವಾಗಿ ಇಳಿದ ಆ ಮಾರಿಗೆ ಎದುರು ನಿಂತ ಮೊದಲ ಮದ್ದು ಒಡೆಸಾದಲ್ಲಿ ಕಲಿತವರ ಕೈಯಿಂದ ಬಂದದ್ದೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಕೈದಿಗಳ ಮೇಲೆ, ಕರಾರಿನ ಕೂಲಿಗಳ ಮೇಲೆ, ಪರತಂತ್ರ ದೇಶದ ಬಡವರ ಮೇಲೆ ನಡೆದ ಪರೀಕ್ಷೆಯನ್ನು ಸಾಧನೆ ಎನ್ನಬಹುದೇ? ವಸಾಹತು ಕಾಲದಲ್ಲಿ ಭಾರತೀಯರ ದೇಹವೇ ಪ್ರಭುತ್ವದ ಅಧಿಕಾರ ಚಲಾವಣೆಯ ಕಣವಾಗಿತ್ತೆಂದು ಇತಿಹಾಸಕಾರ ಡೇವಿಡ್ ಆರ್ನಲ್ಡ್ ವಿವರವಾಗಿ ತೋರಿಸಿದ್ದಾರೆ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್ ಮನೆಮನೆಗೆ ಸೈನಿಕರನ್ನು ನುಗ್ಗಿಸಿದ್ದು, ಚಾಪೇಕರ್ ಸಹೋದರರು ಅವನನ್ನು ಗುಂಡಿಕ್ಕಿ ಕೊಂದಿದ್ದು ಆ ಅಧಿಕಾರದ ಅತಿರೇಕಕ್ಕೆ ಸಾಕ್ಷಿ. ಜೈಲಿನೊಳಗಿನ ಒಪ್ಪಿಗೆ ಪೂರ್ಣ ಒಪ್ಪಿಗೆಯಲ್ಲ ಎಂಬ ಮಾತೂ ನಿಜವೇ, ಅದನ್ನು ಮುಚ್ಚಿಟ್ಟು ಹಾಫ್ಕಿನ್ ಅವರನ್ನು ಹೊಗಳುವುದು ತಪ್ಪು. ಆದರೂ ಎರಡು ವ್ಯತ್ಯಾಸಗಳನ್ನು ಗಮನಿಸಬೇಕು. ಬಲವಂತದ ಲಸಿಕೆಗಿಂತ ಸ್ವಂತ ಇಚ್ಛೆಯಿಂದ ಹಾಕಿಸಿಕೊಳ್ಳುವ ಲಸಿಕೆಯ ಮೇಲೆ ಅವರು ಭರವಸೆಯಿಟ್ಟರು. ಪ್ರತಿ ಲಸಿಕೆಯನ್ನೂ ಮೊದಲು ತಮ್ಮ ಮೈಮೇಲೇ ಪರೀಕ್ಷಿಸಿದರು. ಸೈನಿಕರು ಬಾಗಿಲು ಒದ್ದು ಒಳನುಗ್ಗುತ್ತಿದ್ದ ಕಾಲದಲ್ಲಿ ಜನರ ವಿಶ್ವಾಸ ಗಳಿಸಿದ ಪ್ಲೇಗು ಕ್ರಮಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿ ಈ ಲಸಿಕೆ ಒಂದು. ವಸಾಹತುಶಾಹಿಯ ನೆರಳು ಅವರ ಕೆಲಸದ ಮೇಲೆ ಬಿದ್ದಿತ್ತು, ಕೆಲಸದ ಸತ್ವ ಆ ನೆರಳಿನಲ್ಲಿ ಕರಗಿಹೋಗಲಿಲ್ಲ.

1902ರ ಅಕ್ಟೋಬರ್ 30ರಂದು ಕಥೆ ತಿರುಗಿತು. ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಅಂದು 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಬಾಟಲಿಯ ಮದ್ದು ಪಡೆದ 19 ಮಂದಿಗೆ ಧನುರ್ವಾಯು ಹಿಡಿದು ಎಲ್ಲರೂ ಸತ್ತರು. ಅದು 53ಎನ್ ಎಂಬ ಗುರುತಿನ, 41 ದಿನ ಮೊದಲು ಪರೇಲಿನಲ್ಲಿ ತುಂಬಿದ ಬಾಟಲಿ. ಬೇಡಿಕೆ ಏರಿದ್ದರಿಂದ ಹಾಫ್ಕಿನ್ ಅಷ್ಟರಲ್ಲಿ ಕಾರ್ಬಾಲಿಕ್ ಆಮ್ಲ ಬಿಟ್ಟು, ಶಾಖದಿಂದಷ್ಟೇ ಶುದ್ಧಿಗೊಳಿಸುವ ವಿಧಾನಕ್ಕೆ ಬಂದಿದ್ದರು. ತನಿಖಾ ಸಮಿತಿ ಇದನ್ನೇ ಮುಂದಿಟ್ಟುಕೊಂಡು, ಬಾಟಲಿ ತೆರೆಯುವ ಮೊದಲೇ ವಿಷ ಸೇರಿತ್ತು, ಅಂದರೆ ತಪ್ಪು ಪರೇಲಿನದು ಎಂದು ತೀರ್ಮಾನಿಸಿತು. ಹಾಫ್ಕಿನ್ ಅವರನ್ನು ಹುದ್ದೆಯಿಂದ ಇಳಿಸಲಾಯಿತು, 1904ರಲ್ಲಿ ಅವರು ಭಾರತ ಬಿಟ್ಟರು. ಸಾಕ್ಷ್ಯವನ್ನು ಮತ್ತೆ ಓದಿದವರಿಗೆ ಬೇರೆಯೇ ಚಿತ್ರ ಕಂಡಿತು. ಬಾಟಲಿಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮುಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಲಾಗಿತ್ತು. ಧನುರ್ವಾಯುವಿನ ಸೂಕ್ಷ್ಮಜೀವಿಗಳು ಇರುವುದೇ ಮಣ್ಣಿನಲ್ಲಿ. 41 ದಿನ ಒಳಗೇ ಬೆಳೆದಿದ್ದರೆ ತೆರೆದಾಗ ದುರ್ವಾಸನೆ ಬರಬೇಕಿತ್ತು, ಬರಲಿಲ್ಲ. ಅದೇ ಫ್ಲಾಸ್ಕಿನಿಂದ ತುಂಬಿದ ಬೇರೆ ಬಾಟಲಿಗಳು ಯಾರಿಗೂ ಕೇಡು ಮಾಡಿರಲಿಲ್ಲ.

ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆಂದು ವರ್ಷಗಟ್ಟಲೆ ಪಾಠ ಹೇಳಿದವರ ಮೇಲಿನ ಆರೋಪವನ್ನು ತೂಗುವಾಗ ಮಾತ್ರ ಅದೇ ಹೋಲಿಕೆಯನ್ನು ತನಿಖಾ ಸಮಿತಿ ಮಾಡಲಿಲ್ಲ. ಒಂದೇ ಫ್ಲಾಸ್ಕಿನ ಕೇಡು ಮಾಡಿದ ಬಾಟಲಿ, ಮಾಡದ ಬಾಟಲಿಗಳನ್ನು ಹೋಲಿಸಿದ್ದರೆ ಉತ್ತರ ಕಣ್ಣೆದುರೇ ಇತ್ತು. ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಈ ಅನ್ಯಾಯವನ್ನು ಕೈಗೆತ್ತಿಕೊಂಡರು. 1907ರ ಜುಲೈನಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ರಾಸ್ ಸೇರಿ ಹತ್ತು ವಿಜ್ಞಾನಿಗಳು ಸಹಿ ಹಾಕಿದ ಪತ್ರ ಪ್ರಕಟವಾಯಿತು. ಆ ವರ್ಷದ ಕೊನೆಗೆ ಸರ್ಕಾರ ಆರೋಪದಿಂದ ಹಾಫ್ಕಿನ್ ಅವರನ್ನು ಮುಕ್ತಗೊಳಿಸಿತು. ಅವರನ್ನು ಹೊಸಕಿಹಾಕಿದ್ದು ಯಹೂದಿ ದ್ವೇಷವೇ, ವೈದ್ಯ ಪದವಿಯಿಲ್ಲದವರ ಮೇಲಿನ ವೃತ್ತಿ ಮತ್ಸರವೇ, ಇಲ್ಲವೇ ಹೊಸ ವಿಧಾನವನ್ನು ಅವಸರದಲ್ಲಿ ತಂದ ನಿಜವಾದ ಅಪಾಯದ ಭಯವೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಮೂರೂ ಒಂದನ್ನೊಂದು ಬಲಪಡಿಸಿದವು ಎಂಬುದು ನನಗೆ ಹೆಚ್ಚು ಸರಿ ಎನ್ನಿಸುತ್ತದೆ. ಭಯ ಸಹಜವಾಗಿದ್ದರೂ, ಅದು ಐದು ವರ್ಷಗಳ ಕಳಂಕವಾಗಿ ಬೆಳೆದದ್ದು ಅವರ ಪರವಾಗಿ ನಿಲ್ಲುವ ನೆಲೆಯಾಗಲಿ ವೃತ್ತಿಬಳಗವಾಗಲಿ ಇಲ್ಲದ್ದರಿಂದ. ಹಾಫ್ಕಿನ್ ಮತ್ತೆ ಕಲ್ಕತ್ತೆಗೆ ಬಂದರು, ಆದರೆ ತಾವು ಕಟ್ಟಿದ ಪರೇಲಿನ ಸಂಸ್ಥೆ ಅವರಿಗೆ ಮರಳಿ ಸಿಗಲಿಲ್ಲ. ನಿವೃತ್ತರಾಗಿ ಯುರೋಪಿಗೆ ಹೋಗಿ 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು. 1897ರಿಂದ 1925ರವರೆಗೆ ಮುಂಬೈಯಿಂದ ಹೊರಬಿದ್ದ ಪ್ಲೇಗು ಲಸಿಕೆಯ ಪ್ರಮಾಣ 2 ಕೋಟಿ 60 ಲಕ್ಷ ಚುಚ್ಚುಮದ್ದುಗಳಷ್ಟು. 1925ರಲ್ಲಿ ಪರೇಲಿನ ಸಂಸ್ಥೆಗೆ ಅವರ ಹೆಸರಿಟ್ಟರು.

ಒಡೆಸಾದಲ್ಲಿ ಕಲಿತ ಇನ್ನೊಬ್ಬರ ಬಾಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪೊಡೋಲಿಯಾದ ರೈತ ಕುಟುಂಬದಲ್ಲಿ 1866ರಲ್ಲಿ ಹುಟ್ಟಿದ ದಾನಿಲೊ ಝಬೊಲೊಟ್ನಿ ಒಡೆಸಾದ ವಿಶ್ವವಿದ್ಯಾಲಯದಲ್ಲಿ ಓದಿ, ಸೂಕ್ಷ್ಮಜೀವಿ ಕೇಂದ್ರದಲ್ಲಿ ಕೆಲಸ ಕಲಿತವರು. ವಿದ್ಯಾರ್ಥಿ ಚಳವಳಿಗೆ ಸೇರಿ ಸೆರೆವಾಸವನ್ನೂ ಅನುಭವಿಸಿದರು. 1893ರಲ್ಲಿ ಕೀವ್‌ನಲ್ಲಿ ಗೆಳೆಯರೊಬ್ಬರ ಜೊತೆ ಕೊಂದ ಕಾಲರಾ ಸೂಕ್ಷ್ಮಜೀವಿಗಳನ್ನು ಸೇವಿಸಿ, ಆಮೇಲೆ ಜೀವಂತ ಸೂಕ್ಷ್ಮಜೀವಿಗಳನ್ನೇ ಕುಡಿದು, ಬಾಯಿಯ ಮೂಲಕವೂ ರಕ್ಷಣೆ ಕೊಡಬಹುದೆಂದು ತೋರಿಸಿದರು. 1897ರಲ್ಲಿ ಪ್ಲೇಗಿನ ಅಧ್ಯಯನಕ್ಕೆ ಮುಂಬೈಗೆ ಬಂದ ತಂಡದಲ್ಲಿ ಅವರೂ ಇದ್ದರು. ಮುಂದೆ ಮಂಗೋಲಿಯಾ, ಮಂಚೂರಿಯಾಗಳಲ್ಲಿ ಅಲೆದು, ಹುಲ್ಲುಗಾವಲಿನ ಕಾಡು ದಂಶಕಗಳಲ್ಲಿ ಪ್ಲೇಗು ನೆಲೆ ನಿಂತಿರುತ್ತದೆಂಬುದಕ್ಕೆ ಆಧಾರ ಒದಗಿಸಿದರು. ಅವರು ತಾಯ್ನಾಡಿಗೆ ಮರಳಿ ಉಕ್ರೇನಿನ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾದರು, ಕೀವ್‌ನಲ್ಲಿ ಸೂಕ್ಷ್ಮಜೀವಿ ಸಂಸ್ಥೆ ಕಟ್ಟಿದರು, 1929ರಲ್ಲಿ ತೀರಿಕೊಂಡ ಮೇಲೆ ಹುಟ್ಟೂರಿನಲ್ಲೇ ಮಣ್ಣಾದರು. ಹಾಫ್ಕಿನ್, ಝಬೊಲೊಟ್ನಿ ಇಬ್ಬರೂ ಒಂದೇ ಪಾಠಶಾಲೆಯಿಂದ ಬಂದವರು, ಇಬ್ಬರದೂ ಒಂದೇ ಬಗೆಯ ಎದೆಗಾರಿಕೆ. ಪ್ರಭುತ್ವ ಇಬ್ಬರನ್ನೂ ಪೀಡಿಸಿತು, ಆದರೆ ಹುಟ್ಟಿನ ಕಾರಣಕ್ಕೆ ಬಾಗಿಲನ್ನೇ ಮುಚ್ಚಿದ್ದು ಒಬ್ಬರಿಗೆ.

ಬಾಗಿಲು ಮುಚ್ಚಿಸಿಕೊಂಡ ಮತ್ತೊಬ್ಬರು ಸೆಲ್ಮನ್ ವಾಕ್ಸ್‌ಮನ್. ವಿನ್ನಿತ್ಸಿಯಾ ಬಳಿಯ ನೋವಾ ಪ್ರಿಲೂಕಾದಲ್ಲಿ 1888ರಲ್ಲಿ ಹುಟ್ಟಿದ ಈ ಯಹೂದಿ ಹುಡುಗ ಒಡೆಸಾದಲ್ಲಿ ಖಾಸಗಿಯಾಗಿ ಪರೀಕ್ಷೆಗೆ ಕೂತು ತೇರ್ಗಡೆಯಾಗಿ, 1910ರಲ್ಲಿ ಅಮೆರಿಕಕ್ಕೆ ಹೋದರು. ರಟ್ಗರ್ಸ್ ಕಾಲೇಜಿನಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ಬಾಳನ್ನೇ ಮುಡಿಪಿಟ್ಟರು. 1943ರಲ್ಲಿ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ವಿದ್ಯಾರ್ಥಿ ಸ್ಟ್ರೆಪ್ಟೊಮೈಸಿನ್ ಪತ್ತೆ ಹಚ್ಚಿದರು. ಶ್ರೇಯ ಯಾರದೆಂಬ ಜಗಳ ನ್ಯಾಯಾಲಯದ ಮೆಟ್ಟಿಲೇರಿ, ಶಾಟ್ಜ್ ಕೂಡ ಸಹಶೋಧಕರೆಂದು ಒಪ್ಪಂದವಾಯಿತು. 1952ರ ನೊಬೆಲ್ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು, ಶಾಟ್ಜ್ ಅವರಿಗೆ ಆದ ಅನ್ಯಾಯ ಹಾಗೇ ಉಳಿಯಿತು. ಕ್ಷಯಕ್ಕೆ ಮೊದಲ ಪರಿಣಾಮಕಾರಿ ಮದ್ದಾದ ಈ ಔಷಧ ಪ್ಲೇಗನ್ನೂ ಗುಣಪಡಿಸಬಲ್ಲದೆಂದು 1940ರ ದಶಕದ ಕೊನೆಗೆ ಭಾರತದಲ್ಲಿ ನಡೆದ ಚಿಕಿತ್ಸೆಗಳು ತೋರಿಸಿದವು. ಎರಡೂವರೆ ದಶಕಗಳಲ್ಲಿ ಅಂದಾಜು ಒಂದು ಕೋಟಿ ಭಾರತೀಯರನ್ನು ಕೊಂದ ರೋಗಕ್ಕೆ ತಡೆಯ ಮದ್ದನ್ನೂ ವಾಸಿ ಮಾಡುವ ಮದ್ದನ್ನೂ ಕೊಡುವುದರಲ್ಲಿ ಉಕ್ರೇನಿನ ನೆಲದಿಂದ ಹೊರಬಿದ್ದ ಇಬ್ಬರು ಯಹೂದಿಗಳ ದುಡಿಮೆಯಿದೆ.

ಇವರನ್ನು ಉಕ್ರೇನಿನವರೆನ್ನುವುದು ಸರಿಯೇ ಎಂದು ಕೇಳುವವರಿದ್ದಾರೆ. ಬಹುಕಾಲ ಪುಸ್ತಕಗಳು ಇವರನ್ನು ರಷ್ಯನ್ ವಿಜ್ಞಾನಿಗಳೆಂದವು, ಯಹೂದಿ ಇತಿಹಾಸಕಾರರು ತಮ್ಮವರೆಂದರು, ಫ್ರಾನ್ಸ್, ಅಮೆರಿಕಗಳೂ ಪಾಲು ಕೇಳಿದವು. ಮನೆಮಾತಿನ ಅಥವಾ ಜನಾಂಗದ ಅಳತೆಗೋಲು ಹಿಡಿದರೆ ಝಬೊಲೊಟ್ನಿ ನಿಸ್ಸಂದೇಹವಾಗಿ ಉಕ್ರೇನಿಯನ್, ಹಾಫ್ಕಿನ್, ವಾಕ್ಸ್‌ಮನ್ ಅಲ್ಲ. ಆದರೆ 1876ರ ರಾಜಾಜ್ಞೆ ಉಕ್ರೇನಿಯನ್ ಭಾಷೆಯ ಪ್ರಕಟಣೆಗಳನ್ನೇ ಬಹುಮಟ್ಟಿಗೆ ನಿಷೇಧಿಸಿತ್ತು. ರಷ್ಯನ್ನಿನಲ್ಲಿ ಬರೆಯುವುದು ಅಲ್ಲಿ ವಿಜ್ಞಾನಿಯ ಆಯ್ಕೆಯಾಗಿರಲಿಲ್ಲ, ಬರೆದ ಭಾಷೆಯಿಂದ ನಾಡನ್ನು ತೀರ್ಮಾನಿಸಲು ಬರುವುದಿಲ್ಲ. ಒಡೆಸಾದ ವಿಶ್ವವಿದ್ಯಾಲಯ, ಬಂದರು, ಸೂಕ್ಷ್ಮಜೀವಿ ಕೇಂದ್ರಗಳು ಕೊಟ್ಟ ತರಬೇತಿಯನ್ನು ಅಳತೆಗೋಲಾಗಿ ಹಿಡಿದರೆ ಮೆಚ್ನಿಕೋವ್, ಗಮಲೇಯ, ಹಾಫ್ಕಿನ್, ಝಬೊಲೊಟ್ನಿ ನಾಲ್ವರೂ ಆ ನೆಲದವರು. ಅದೇ ಅಳತೆಗೋಲು ಇನ್ನೊಂದು ಹೊಣೆಯನ್ನೂ ಹೊರಿಸುತ್ತದೆ. ಹಾಫ್ಕಿನ್ ಅವರನ್ನು ನಮ್ಮವರೆನ್ನುವ ಒಡೆಸಾ, ಹಾಫ್ಕಿನ್ ಗಾಯಗೊಂಡ ಬೀದಿಯೂ ತನ್ನದೇ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಹೊರಗಟ್ಟಿದ್ದರಿಂದಲೇ ಇವರು ಬೆಳಗಿದರಲ್ಲ, ಆದದ್ದೆಲ್ಲ ಒಳ್ಳೆಯದೇ ಆಯಿತಲ್ಲ ಎನ್ನುವವರೂ ಉಂಟು. ಈ ವಾದ ಮೇಲುನೋಟಕ್ಕೆ ಸರಿಯೆನಿಸುತ್ತದೆ, ಏಕೆಂದರೆ ನಮಗೆ ಗೊತ್ತಿರುವುದು ಗಡಿ ದಾಟಿ ಗೆದ್ದವರ ಹೆಸರು ಮಾತ್ರ. ಮಿತಿಯ ಕಟ್ಟಳೆಗೆ ಸಿಕ್ಕು ಓದಲಾಗದೆ ಉಳಿದವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ದೇಶ ಬಿಡಲಾಗದೆ ಉಳಿದವರ ಪೈಕಿ ಹತ್ತಾರು ಸಾವಿರ ಯಹೂದಿಗಳನ್ನು 1941ರ ಅಕ್ಟೋಬರ್ ನಂತರ ಒಡೆಸಾವನ್ನು ವಶಪಡಿಸಿಕೊಂಡ ರುಮೇನಿಯಾದ ಪಡೆಗಳು ಕೊಂದವು. ಬದುಕಿ ಬಂದವರನ್ನಷ್ಟೇ ಎಣಿಸಿ ಬೆಂಕಿ ಒಳ್ಳೆಯದೆನ್ನಲು ಬರುವುದಿಲ್ಲ. ಲಸಿಕೆ ಪಡೆದವರ ಜೊತೆಗೆ ಪಡೆಯದವರನ್ನೂ ಎಣಿಸಿದ ಹಾಫ್ಕಿನ್ ಅವರ ಶಿಸ್ತನ್ನು ಇತಿಹಾಸಕ್ಕೂ ಅನ್ವಯಿಸಿದರೆ ಈ ವಾದ ನಿಲ್ಲುವುದಿಲ್ಲ.

ಇಂದು ಒಡೆಸಾದ ವಿಶ್ವವಿದ್ಯಾಲಯಕ್ಕೆ ಮೆಚ್ನಿಕೋವ್ ಅವರ ಹೆಸರಿದೆ, ಕೀವ್‌ನ ಸೂಕ್ಷ್ಮಜೀವಿ ಸಂಸ್ಥೆಗೆ ಝಬೊಲೊಟ್ನಿ ಅವರ ಹೆಸರಿದೆ, ಮಾಸ್ಕೋದ ಸಂಸ್ಥೆಗೆ ಗಮಲೇಯ ಅವರದು. ರಷ್ಯಾ ಉಕ್ರೇನಿನ ಮೇಲೆ ಹೂಡಿದ ಯುದ್ಧದ ನಡುವೆ, 2023ರಲ್ಲಿ, ಯುನೆಸ್ಕೊ ಒಡೆಸಾದ ಹಳೆಯ ನಗರವನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣವೆಂದು ಸಾರಿತು. 2022ರಲ್ಲಿ ಯುದ್ಧ ಶುರುವಾದಾಗ ಕನ್ನಡ ನಾಡಿನ ನೂರಾರು ಮಕ್ಕಳು ವೈದ್ಯವಿದ್ಯೆ ಕಲಿಯಲು ಅದೇ ದೇಶದಲ್ಲಿದ್ದರು, ಮೆಚ್ನಿಕೋವ್ ಓದಿದ ಖಾರ್ಕಿವ್‌ನಲ್ಲೂ ಇದ್ದರು. ಅಲ್ಲಿ ಬೀಳುವ ಬಾಂಬು ನಮಗೆ ಸಂಬಂಧವಿಲ್ಲದ ದೂರದ ಸುದ್ದಿಯಲ್ಲ. ಸಾಧಕರ ಹೆಸರುಗಳನ್ನು ಹೆಮ್ಮೆಯಿಂದ ಹೇಳುವ ಹಕ್ಕು ಉಕ್ರೇನಿಗಿದೆ, ಅದನ್ನು ಯಾರೂ ಕಿತ್ತುಕೊಳ್ಳಬಾರದು. ಆದರೆ ಹುಟ್ಟು, ಮತ, ಮಾತು ಕೇಳಿ ಕಲಿಕೆಯ ಬಾಗಿಲು ಮುಚ್ಚುವ ನಾಡು, ಅದು ಯಾವುದೇ ಆಗಿರಲಿ, ತನ್ನ ಹಾಫ್ಕಿನ್‌ರನ್ನು ಬೇರೆಯವರಿಗೆ ಬಿಟ್ಟುಕೊಡುತ್ತದೆ. ಸಾಧಕರ ಪಟ್ಟಿ ಮಾಡುವ ಪ್ರತಿ ನಾಡೂ, ನಮ್ಮದೂ ಸೇರಿ, ಇಂದು ತನ್ನ ವಿಶ್ವವಿದ್ಯಾಲಯದ ಬಾಗಿಲಿನಾಚೆ ಯಾರು ನಿಂತಿದ್ದಾರೆಂದು ಮೊದಲು ನೋಡಿಕೊಳ್ಳಬೇಕು.